ಎಡ ಚೈನಿನ ಯುಗ

ವಸ್ತುಸಂಗ್ರಹಾಲಯದ ಸಂಶೋಧಕರು ಜೀವಮಾನದಲ್ಲಿ ಒಮ್ಮೆಯೂ ಸೈಕಲ್ ಹತ್ತಿದವರಲ್ಲ. ಆದರೂ ಹಳೆಯ ಸೈಕಲ್‌ಗಳ ವಿಷಯದಲ್ಲಿ ಅವರು ಆಡಿದ್ದೇ ಮಾತು. ಹಳೆಯ ಪತ್ರಿಕೆಗಳ ಧೂಳನ್ನು ಆರು ವರ್ಷ ಕುಡಿದು, ಸೈಕಲ್ ಜಾಹೀರಾತುಗಳನ್ನೆಲ್ಲ ಕತ್ತರಿಸಿ ಅಂಟಿಸಿಟ್ಟುಕೊಂಡಿದ್ದರು. ಬೆನ್ನ ಹಿಂದೆ ಎಲ್ಲರೂ ಅವರನ್ನು ಕತ್ತರಿ ಸಾರ್ ಎನ್ನುತ್ತಿದ್ದರು. ಎದುರಿಗೆ ಬರೀ ಸಾರ್.

ಅವರ ಮೇಜಿನ ಮುಂದೆ ಸೈಕಲ್ ರಿಪೇರಿಯವನು ತನ್ನ ತಾತನ ಸೈಕಲ್ ಹಿಡಿದು ನಿಂತಿದ್ದ. ತಾತ, ಅಂದರೆ ಅಮ್ಮನ ಅಪ್ಪ, ಮೂವತ್ತು ವರ್ಷ ಅದರ ಮೇಲೆ ಮನೆಮನೆಗೆ ಪತ್ರಿಕೆ ಹಾಕಿದ್ದರು. ವಸ್ತುಸಂಗ್ರಹಾಲಯದ ಪ್ರದರ್ಶನಕ್ಕೆ ಹಳೆಯ ಸೈಕಲ್ ಕೊಟ್ಟರೆ ಅದನ್ನು ಓಡಿಸಿದವರ ಹೆಸರನ್ನು ಹಿತ್ತಾಳೆ ಫಲಕದಲ್ಲಿ ಕೆತ್ತಿಸುತ್ತಾರೆ ಎಂದು ತಿಳಿದಂದಿನಿಂದ ಅಮ್ಮ ಒಂದೇ ಹಟ ಹಿಡಿದಿದ್ದಳು. “ಪ್ರೆಸ್ಸಲ್ಲಿ ಇಪ್ಪತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿದೀನಿ ಕಣೋ. ಊರವರ ಹೆಸರೆಲ್ಲ ನನ್ನ ಕೈಲೇ ಅಚ್ಚಾಯ್ತು. ನಮ್ಮಪ್ಪನದೊಂದು ಎಲ್ಲೂ ಆಗಲಿಲ್ಲ.”

ಕತ್ತರಿ ಸಾರ್ ಬಗ್ಗಿ ನೋಡಿದರು. ಮುಖ ಹುಳ್ಳಗಾಯಿತು.

“ಚೈನು ಬಲಕ್ಕಿದೆಯಲ್ಲ.”

“ಬಲಕ್ಕೇ ಇರೋದು ಸಾರ್.”

“ಈಗಿನವಕ್ಕೆ. ಆಗ ಎಡಕ್ಕಿತ್ತು.” ಕಡತ ಬಿಚ್ಚಿ ಜಾಹೀರಾತು ತೋರಿಸಿದರು. ಚಿತ್ರದ ಸೈಕಲ್‌ಗೆ ಚೈನು ಎಡಗಡೆಯೇ ಇತ್ತು. “ಎಡ ಚೈನಿನ ಯುಗ ಅಂತ ನಲವತ್ತು ಪುಟ ಬರೆದಿದೀನಿ. ನೀನೆಷ್ಟು ಓದಿದೀಯಪ್ಪ?”

“ಏಳನೇ ಕ್ಲಾಸು.”

“ಸರಿ ಹಾಗಾದ್ರೆ,” ಎಂದರು, ವಾದ ಮುಗಿದವರಂತೆ. “ಯಾರೋ ಬಲಕ್ಕೆ ಹಾಕಿ ಕೆಡಿಸಿದಾರೆ. ಎಡಕ್ಕೆ ಹಾಕ್ಕೊಂಡು ಬಾ. ಇಲ್ಲಾಂದ್ರೆ ಫಲಕ ಇಲ್ಲ.”

ರಿಪೇರಿಯವನ ಅಂಗಾಲಿಂದ ನೆತ್ತಿಯವರೆಗೆ ಉರಿಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಅವನು ಬೇಕಾದಷ್ಟು ಕಂಡಿದ್ದ. ನಿನ್ನ ಮೊಲ ತಂದು ಅದರ ನಾಲ್ಕನೆಯ ಕಾಲು ಕತ್ತರಿಸು ಎನ್ನುವವರನ್ನು ಕಂಡದ್ದು ಇದೇ ಮೊದಲು.

ಜಾಹೀರಾತಿನ ಒಂದು ಪ್ರತಿಯನ್ನು ಮನೆಗೆ ತಂದು ತೋರಿಸಿದಾಗ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅಚ್ಚು ಕೆತ್ತಿದೋನು ಸೈಕಲ್ ಕಂಡ ಹಾಗೇ ಕೆತ್ತಿಬಿಟ್ಟಿದಾನೆ. ಕಾಗದಕ್ಕೆ ಒತ್ತಿದರೆ ಬಲ ಎಡ ಆಗುತ್ತೆ. ನಮ್ಮ ಪ್ರೆಸ್ಸಲ್ಲಿ ಒಂದ್ಸಲ ಕೊಡೆ ಜಾಹೀರಾತಲ್ಲಿ ಊರಿಗೆ ಊರೇ ಎಡಗೈಯವರಾಗಿಬಿಟ್ಟಿದ್ರು.”

ಮರುದಿನ ಅವನು ಹೋಗಿ, ಅಮ್ಮ ಹೀಗಂದಳು ಎಂದು ಅದನ್ನೇ ಹೇಳಿದ. ಕತ್ತರಿ ಸಾರ್ ಕನ್ನಡಕದ ಮೇಲಿಂದ ನೋಡಿದರು.

“ಹನ್ನೊಂದು ಜಾಹೀರಾತು ಸಿಕ್ಕಿವೆ. ಹನ್ನೊಂದರಲ್ಲೂ ಎಡಕ್ಕಿದೆ.”

“ಎಲ್ಲಾ ಒಂದೇ ಅಚ್ಚು ಸಾರ್. ಒಬ್ಬನೇ ಹನ್ನೊಂದು ಸಲ ಸುಳ್ಳು ಹೇಳಿದರೆ ಹನ್ನೊಂದು ಸಾಕ್ಷಿ ಆಗ್ತಾರಾ?”

“ನಿಮ್ಮಮ್ಮ ಎಲ್ಲಿ ಪ್ರೊಫೆಸರು?”

ಅವನು ದಡದಡನೆ ಹೊರಟುಬಿಟ್ಟ. ಮನೆಗೆ ಬಂದು ಸೈಕಲ್ ಕೊಡುವುದೇ ಬೇಡ ಎಂದ. ಅಮ್ಮ, “ಎಡಕ್ಕೇ ಹಾಕ್ಕೊಡು ಮಗನೇ,” ಎಂದಳು. “ಚೈನು ಎಲ್ಲಾದರೂ ಇರಲಿ. ಹೆಸರು ಇರುತ್ತಲ್ಲ.”

ಅವನು ಹಲ್ಲು ಕಚ್ಚಿಕೊಂಡು ಕ್ರ್ಯಾಂಕು ಬಿಚ್ಚಿ ತಿರುಗಿಸಿದ, ಹಿಂದಿನ ಚಕ್ರವನ್ನೂ ತಿರುಗಿಸಿ ಕೂರಿಸಿದ. ಹೀಗೆ ಮಾಡಿದರೆ ಮುಂದಕ್ಕೆ ತುಳಿದಾಗ ಪೆಡಲ್ ಖಾಲಿ ಸುತ್ತುತ್ತದೆ, ಹಿಂದಕ್ಕೆ ತುಳಿದರೆ ಸೈಕಲ್ ಹಿಂದಕ್ಕೇ ಹೋಗುತ್ತದೆ. ಒಪ್ಪಿಸುವಾಗ ಅದನ್ನೂ ಹೇಳಿದ. “ಅದೆಲ್ಲ ನಮಗೆ ಗೊತ್ತು,” ಎಂದರು ಕತ್ತರಿ ಸಾರ್.

ಪ್ರದರ್ಶನದ ದಿನ ರಿಬ್ಬನ್ ಕತ್ತರಿಸಲು ಬಂದ ಹಿರಿಯ ಅಧಿಕಾರಿಗೆ ಹುರುಪು ಬಂದು, “ಒಂದು ಸುತ್ತು ಹೊಡೆದೇಬಿಡೋಣ,” ಎಂದು ಹತ್ತಿಯೇಬಿಟ್ಟರು. ಇಬ್ಬರು ನೌಕರರು ಎರಡು ಕಡೆ ಹಿಡಿದುಕೊಂಡರು. ಅಧಿಕಾರಿ ತುಳಿದರು, ಇನ್ನೂ ಜೋರಾಗಿ ತುಳಿದರು. ಪೆಡಲ್ ಗಿರಗಿರನೆ ತಿರುಗಿತು, ಸೈಕಲ್ ಕದಲಲಿಲ್ಲ. ಸಿಟ್ಟಿಗೆದ್ದು ಹಿಂದಕ್ಕೆ ಒತ್ತಿದರು. ಸರ್ರನೆ ಹಿಂದಕ್ಕೆ ಹೋಗಿ ಕುರ್ಚಿಗಳ ಸಾಲಿನಲ್ಲಿ ಅಂಗಾತ ಬಿದ್ದರು.

ನೌಕರರು ಓಡಿಬಂದು ಎಬ್ಬಿಸಿದರು. ಈಗಲಾದರೂ ಒಪ್ಪಿಕೊಳ್ಳುತ್ತಾರೆ ಎಂದು ರಿಪೇರಿಯವನು ಕತ್ತರಿ ಸಾರ್ ಮುಖ ನೋಡಿದ. ಅವರು ಗೋಡೆಗೆ ತೂಗುಹಾಕಿದ್ದ ಜಾಹೀರಾತನ್ನು ನೋಡುತ್ತಿದ್ದರು. ನಿಧಾನವಾಗಿ ಅವರ ಮುಖ ಅರಳಿತು.

“ಚಿತ್ರದಲ್ಲಿರೋ ಮನುಷ್ಯ ಸೈಕಲ್ ಪಕ್ಕ ನಿಂತಿದಾನೆ ನೋಡಿ. ಹತ್ತಿಲ್ಲ. ಹನ್ನೊಂದರಲ್ಲೂ ಹತ್ತಿಲ್ಲ. ಇದು ಹತ್ತೋದಕ್ಕೆ ಮಾಡಿದ್ದಲ್ಲ. ತಳ್ಳೋದಕ್ಕೆ.”

ಸೊಂಟ ಒತ್ತಿಕೊಳ್ಳುತ್ತಿದ್ದ ಅಧಿಕಾರಿಯೇ ಮೊದಲು ಚಪ್ಪಾಳೆ ತಟ್ಟಿದರು. ಸಾರ್ ಅಲ್ಲೇ ಒಂದು ಚೀಟಿ ಬರೆದು ಹಿತ್ತಾಳೆ ಫಲಕದ ಕೆಳಗೆ ಅಂಟಿಸಿದರು. ಮೇಲೆ ತಾತನ ಹೆಸರು, ಅಂದವಾಗಿ ಕೆತ್ತಿದ್ದು. ಕೆಳಗೆ: ‘ಇವರು ಮೂವತ್ತು ವರ್ಷ ಈ ಸೈಕಲ್ಲನ್ನು ತಳ್ಳಿದರು.’

ಅಮ್ಮ ಅದನ್ನು ಎರಡು ಸಲ ಓದಿದಳು. ಬೆಳಗಿನ ನಾಲ್ಕಕ್ಕೆ ಎದ್ದು, ಹ್ಯಾಂಡಲ್‌ಗೆ ಪತ್ರಿಕೆಯ ಕಟ್ಟು ತೂಗಿಸಿಕೊಂಡು ಏರು ಹತ್ತುತ್ತಿದ್ದ ಅಪ್ಪನ ಕಾಲುಗಳನ್ನು ಕಂಡವಳು ಅವಳು.

“ಪಾನಾ ತಂದಿದೀಯೇನೋ?” ಎಂದಳು ಮಗನಿಗೆ.

“ಅದಿಲ್ದೆ ನಾನೆಲ್ಲಿಗೆ ಹೋಗ್ತೀನಮ್ಮ.”

ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಪಾನಾದಿಂದ ನಟ್ಟು ಬಿಚ್ಚತೊಡಗಿದ. ನೌಕರರು ತಡೆಯಲು ಬಂದರು. “ನಮ್ಮಪ್ಪಂದು,” ಎಂದಳು ಅಮ್ಮ. ಅವಳ ದನಿ ಕೇಳಿ ಅಲ್ಲೇ ನಿಂತರು. ಜನ ಬಿಸ್ಕತ್ತು ತಿಂದು ಮುಗಿಸುವುದರೊಳಗೆ ಚೈನು ಬಲಕ್ಕೆ ಬಂತು. ಫಲಕ ಗೋಡೆಯ ಮೇಲೇ ಉಳಿಯಿತು. ಅದರ ಕಡೆ ಅಮ್ಮ ತಿರುಗಿಯೂ ನೋಡಲಿಲ್ಲ. ಸೆರಗು ಸಿಕ್ಕಿಸಿಕೊಂಡು ಕ್ಯಾರಿಯರ್ ಮೇಲೆ ಕೂತಳು.

ಅವನು ಒಂದೇ ತುಳಿತ ತುಳಿದ. ಸೈಕಲ್ ಇಬ್ಬರನ್ನೂ ಹೊತ್ತುಕೊಂಡು, ಬಾಗಿಲು ದಾಟಿ, ಇಳಿಜಾರಿನಲ್ಲಿ ಬಾಣದಂತೆ ಹೊರಟಿತು.

ಕತ್ತರಿ ಸಾರ್ ಅಧಿಕಾರಿಯ ಕಿವಿಯಲ್ಲಿ ಹೇಳಿದರು: “ಓಡ್ತಾ ಇದೆ, ನೋಡಿದ್ರಾ? ನನಗೆ ಅನುಮಾನ ಇತ್ತು. ನಕಲಿ.”