ಬೇಡ ಅನ್ನುವ ಬಟನ್

ತಿಪಟೂರು ಬಸ್‌ಸ್ಟ್ಯಾಂಡ್ ಹಿಂದಿನ ಮಹಡಿಯ ಮೇಲೆ ದಯಾನಂದ್ ಅವರದೊಂದು ಪುಟ್ಟ ಕಂಪನಿ. ಬೆಳೆಗಾರರು ಮನೆಯಲ್ಲೇ ಕೂತು ಕೊಬ್ಬರಿಯನ್ನು ಹರಾಜಿಗಿಡುವ ವೆಬ್‌ಸೈಟೊಂದನ್ನು ಕಟ್ಟಿದ್ದರು. ಸೋಮವಾರ ಶುರುವಾಗಬೇಕು. ಸೈಟ್ ನೆಟ್ಟಗಿದೆಯೇ ಎಂದು ದಿನಾ ತಾನಾಗಿಯೇ ಪರೀಕ್ಷಿಸುವ ಟೂಲ್ ಆರಿಸುವ ಕೆಲಸ ಅಲ್ಲಿ ಕೆಲಸಕ್ಕಿದ್ದ ಲಿಖಿತಾಳ ತಲೆಗೆ ಬಿದ್ದಿತ್ತು.

ಎರಡು ಟೂಲುಗಳಿದ್ದವು. ಕೆಲವು ದಿನಗಳಿಂದ ಪ್ರಯೋಗಕ್ಕೆಂದು ಓಡಿಸುತ್ತಿದ್ದ ಒಂದು ಬಲು ಜಾಣ. ಬಟನ್ ಅತ್ತಿತ್ತ ಸರಿದರೂ ತಾನೇ ಹುಡುಕಿ ಒತ್ತಿ, ಎಲ್ಲ ಸರಿಯಿದೆ ಎಂದು ಹಸಿರು ಗುರುತು ಹಾಕುತ್ತಿತ್ತು. ಇನ್ನೊಂದು ಸಿಡುಕುಮೋರೆಯದು. ಒಂದಕ್ಷರ ಬದಲಾದರೂ ಕೆಂಪು ತೋರಿಸಿ ನಿಂತುಬಿಡುತ್ತಿತ್ತು.

"ಆ ತಕರಾರಿಂದು ಯಾಕಮ್ಮ? ಬುಡು, ಜಾಣಂದೇ ಇರ್ಲಿ" ಎಂದರು ದಯಾನಂದ್.

ಲಿಖಿತಾಳಿಗೆ ಮಾತ್ರ ಕುತೂಹಲ ತಡೆಯಲಿಲ್ಲ. ಮನೆಯಲ್ಲಿ ಕೊಬ್ಬರಿ ಆರಿಸಲು ಹೊಸಬರು ಬಂದರೆ, ಅವಳಮ್ಮ ಗುಡ್ಡೆಯೊಳಗೆ ಬೇಕೆಂದೇ ಒಂದು ಕೆಟ್ಟ, ಕೌಟು ಕೊಬ್ಬರಿ ಸೇರಿಸಿ, ಅವರು ಹಿಡಿಯುತ್ತಾರೋ ನೋಡಲು ಏನೂ ಅರಿಯದವಳಂತೆ ಕೂರುತ್ತಿದ್ದಳು. ಈ ಟೂಲುಗಳಿಗೂ ಅದೇ ಪರೀಕ್ಷೆ ಯಾಕಾಗಬಾರದು?

ಬಂದ ಬೆಲೆ ಒಗ್ಗದಿದ್ದರೆ ಒಲ್ಲೆ ಎನ್ನುವುದು ಬೆಳೆಗಾರನ ಹಕ್ಕು. ಅದಕ್ಕೆಂದೇ 'ಒಪ್ಪಿಗೆ'ಯ ಪಕ್ಕದಲ್ಲಿ 'ಬೇಡ' ಎಂಬ ಬಟನ್ ಇತ್ತು. ಅದೊಂದು ಕೈಕೊಟ್ಟರೆ ವರ್ಷದ ಮಾಲು ಸಿಕ್ಕಿದ ಬೆಲೆಗೆ ಹೋದಂತೆಯೇ. ಲಿಖಿತಾ ಸೈಟಿನ ನಕಲಿನಲ್ಲಿ ಅದನ್ನೇ ಕಿತ್ತುಹಾಕಿ, ಬೆಲೆ ನಿರಾಕರಿಸುವ ಪರೀಕ್ಷೆ ಓಡಿಸಿದಳು. ಜಾಣ ಟೂಲ್ 'ಬೇಡ'ವನ್ನು ಹುಡುಕಿತು. ಸಿಗಲಿಲ್ಲ. ಪಕ್ಕದ 'ಒಪ್ಪಿಗೆ'ಯನ್ನು ಒತ್ತಿ ಹಸಿರು ಗುರುತು ಹಾಕಿತು.

"ಸರ್, ಬೇಡ ಅಂದೋರ ಮಾಲನ್ನ ಇದು ಮಾರೇಬುಡ್ತು!"

ದಯಾನಂದ್ ಕುರ್ಚಿ ಎಳೆದುಕೊಂಡು ಬಂದರು. ಅದೇ ಪರೀಕ್ಷೆ ಓಡಿಸಿದರೆ ಸಿಡುಕಿನ ಟೂಲ್ ಅಲ್ಲೇ ಕೆಂಪಾಗಿ ನಿಂತಿತು.

"ಸರಿ ಕಣಮ್ಮ, ತಕರಾರಿಂದೇ ಇಟ್ಕೊ."

ಗೆದ್ದ ಖುಷಿಯಲ್ಲಿ ಲಿಖಿತಾ ಬಟನ್ನನ್ನು ವಾಪಸ್ಸಿಟ್ಟು ಸಿಡುಕಿನ ಟೂಲನ್ನು ಮತ್ತೆ ಓಡಿಸಿದಳು. ಕಂಪ್ಯೂಟರಿನ ಅಳತೆಯಲ್ಲಿ ಹಸಿರು, ಮೊಬೈಲಿನ ಅಳತೆಯಲ್ಲಿ ಮತ್ತೆ ಕೆಂಪು. ಇದೇನು ಹೊಸ ಕ್ಯಾತೆ ಎಂದು ತನ್ನ ಫೋನಿನಲ್ಲೇ ಅಸಲಿ ಸೈಟ್ ತೆರೆದಳು. ಅಲ್ಲಿ 'ಒಪ್ಪಿಗೆ' ಒಂದೇ ಇತ್ತು. ಸಣ್ಣ ಪರದೆಯಲ್ಲಿ 'ಬೇಡ' ಮೊದಲಿನಿಂದಲೂ ಕಾಣುತ್ತಿರಲಿಲ್ಲ. ಜಾಣ ಟೂಲ್ ಇಷ್ಟು ದಿನ ಅದಕ್ಕೇ ಹಸಿರು ಹಾಕಿಕೊಂಡು ಬಂದಿತ್ತು. ಫೋನನ್ನು ದಯಾನಂದ್ ಮುಂದೆ ಹಿಡಿದಳು.

"ಹೋದ್ವಾರ ಮಾದರಿ ಹರಾಜಲ್ಲಿ ರೈತ್ರೆಲ್ಲಾ ಒಪ್ಕಂಡಿದ್ರಲ್ಲಮ್ಮ" ಎಂದರು ದಯಾನಂದ್, ದನಿ ತಗ್ಗಿಸಿ. "ಎಲ್ಲಾ ಫೋನಲ್ಲೇ ಒತ್ತಿದ್ದು."

ಅವರಲ್ಲೊಬ್ಬರಾದ ಹೊನ್ನವಳ್ಳಿಯ ಹುಚ್ಚರಂಗಯ್ಯನವರಿಗೆ ಲಿಖಿತಾ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ತಾತ, ಹೋದ್ವಾರ ಆ ಬೆಲೆಗೆ ಯಾಕೆ ಒಪ್ಕಂಡ್ರಿ?"

"ನಾನೆಲ್ಲಿ ಒಪ್ದೆ ಕಣವ್ವ? ಆ ಬೆಲೆ ಸುತರಾಂ ಇಷ್ಟ ಇರ್ಲಿಲ್ಲ. ಬೇಡ ಅನ್ನಾಕೆ ಅದ್ರಲ್ಲಿ ಜಾಗನೇ ಕಾಣ್ಲಿಲ್ಲ. ಇನ್ಮೇಲೆ ನಾವು ಬೇಡ ಅನ್ನಂಗಿಲ್ವೇನೋ ಅಂದ್ಕಂಡು ಒತ್ತಿ ಸುಮ್ನಾದೆ."