ಕಂತಿನ ವಕೀಲರು

ಪುಸ್ತಕವನ್ನು ಪ್ರೀತಿಸುವವರು ಅದರ ಪುಟದ ಮೂಲೆ ಮಡಚಿದರೂ ನೊಂದುಕೊಳ್ಳುತ್ತಾರೆಂದು ಕೇಳಿದ್ದೇವೆ. ಅಕ್ಕೋಳದ ಮಲಂಗಸಾಬ ವಕೀಲರಾದರೋ ಹೊಸ ಪುಸ್ತಕ ಮನೆಗೆ ಬಂದ ಮೊದಲ ರವಿವಾರವೇ ಅಂಗಳದ ಬೇವಿನ ನೆರಳಿಗೆ ಚಾಪೆ ಹಾಸಿ, ಅದರ ಬೆನ್ನಿನ ಅಂಟನ್ನು ಒದ್ದೆ ಅರಿವೆಯಿಂದ ಮೆತ್ತಗೆ ಮಾಡಿ, ಸಣ್ಣ ಚೂರಿಯಿಂದ ಹೊಲಿಗೆ ಬಿಚ್ಚಿ, ಇಡೀ ಗ್ರಂಥವನ್ನು ತುಂಡು ತುಂಡಾಗಿ ಬೇರ್ಪಡಿಸಿಬಿಡುತ್ತಿದ್ದರು. ಅಚ್ಚಿನ ಮನೆಯಲ್ಲಿ ಹದಿನಾರು ಪುಟಕ್ಕೊಂದು ಮಡಿಕೆಯಂತೆ ಹೊಲಿದು ಪುಸ್ತಕ ಕಟ್ಟುತ್ತಾರಲ್ಲ, ಆ ಮಡಿಕೆಗೆ ಅವರು ಕಂತು ಎಂದು ಹೆಸರಿಟ್ಟಿದ್ದರು. ಪ್ರತಿ ಕಂತಿಗೂ ನಡುವೆ ಹೊಸ ದಾರದ ಹೊಲಿಗೆ, ಮೇಲೆ ಹಳೆಯ ಪತ್ರಿಕೆಯ ಹೊದಿಕೆ. ನೋಡಿದವರ ಜೀವ ಝಲ್ಲೆನ್ನುವಂಥ ಈ ಕೆಲಸವನ್ನು ಅವರು ಮಾಡುತ್ತಿದ್ದ ಶ್ರದ್ಧೆ ಕಂಡು ಹೆಂಡತಿ ಕುಲಸುಂಬಿ, "ನೀವು ದರ್ಜಿ ಆಗಬೇಕಿತ್ರಿ. ಕೋರ್ಟಿಗೆ ಯಾಕ ಹೋದ್ರಿ?" ಎಂದು ನಗುತ್ತಿದ್ದರು.

ಕೋರ್ಟಿಗೆ ಹೋದದ್ದು ಅವರು ತೊಡುತ್ತಿದ್ದ ಕೋಟಿಗಾಗಿ ಎಂದು ನನಗೊಮ್ಮೊಮ್ಮೆ ಅನ್ನಿಸಿದ್ದುಂಟು. ಮಾಸಿ ಹಸಿರಿಗೆ ತಿರುಗಿದ್ದ ಆ ಕರಿ ಕೋಟಿನ ಎಡಗಡೆಯ ಒಳಜೇಬನ್ನು ನಿಪ್ಪಾಣಿಯ ದರ್ಜಿಯೊಬ್ಬನಿಂದ ಸೊಂಟದವರೆಗೆ ಇಳಿಸಿಕೊಂಡು, ಅದರಲ್ಲಿ ದಿನದ ಕಂತನ್ನೂ ಕಕ್ಷಿದಾರರ ಕಾಗದಗಳನ್ನೂ ಒಟ್ಟಿಗೆ ತುರುಕುತ್ತಿದ್ದರು. ಆ ಭಾರಕ್ಕೆ ಎಡಹೆಗಲು ಇಳಿದು, ನಡಿಗೆ ಒಂದು ಬದಿಗೆ ವಾಲಿ, ಚಿಕ್ಕೋಡಿಯ ಕೋರ್ಟಿನ ಆವರಣದಲ್ಲಿ ಬೆನ್ನ ಹಿಂದಿನಿಂದ ನೋಡಿದರೂ ಇವರೇ ಎಂದು ಗುರುತು ಹತ್ತುತ್ತಿತ್ತು. ಒಮ್ಮೆ ಅರ್ಜಿಯ ಬದಲು ಕಾದಂಬರಿಯ ಕಂತನ್ನೇ ಜೇಬಿನಿಂದ ತೆಗೆದು ಕೊಟ್ಟರಂತೆ. ನ್ಯಾಯಾಧೀಶರು ಅರ್ಧ ಪುಟ ಗಂಭೀರವಾಗಿ ಓದಿ, ಉಳಿದದ್ದನ್ನು ಮುಂದಿನ ತಾರೀಖಿಗೆ ಹಾಜರುಪಡಿಸಿ ಎಂದರಂತೆ. ಈ ಸಂಗತಿ ಎಷ್ಟು ಖರೆ, ಎಷ್ಟು ಸುಳ್ಳು ಎಂದು ನಾನು ವಿಚಾರಿಸಲು ಹೋಗಿಲ್ಲ, ಸುಳ್ಳೆಂದು ಗೊತ್ತಾದರೆ ನನಗೇ ನಷ್ಟ.

ಪುಸ್ತಕ ಬಿಚ್ಚುವುದು ಯಾತಕ್ಕೆಂದರೆ ಹಂಚುವುದಕ್ಕೆ. ನಿಪ್ಪಾಣಿಯಿಂದ ಹೊರಟು ಅಕ್ಕೋಳದ ಮೇಲೆ ಚಿಕ್ಕೋಡಿಗೆ ಬರುವ ಮುಂಜಾನೆಯ ಬಸ್ಸಿನಲ್ಲಿ ನಾವೆಲ್ಲ ನೌಕರಿಯ ಜನ ವರ್ಷಾನುಗಟ್ಟಲೆ ಕೂಡಿ ಪ್ರಯಾಣ ಮಾಡಿದವರು. ವಕೀಲರು ತಾವು ಓದಿ ಮುಗಿಸಿದ ಕಂತನ್ನು ಸುಂದರಾಗೆ ಕೊಡುವುದು. ಸರಕಾರಿ ದವಾಖಾನೆಯಲ್ಲಿ ಸಿಸ್ಟರ್ ಆಗಿದ್ದ ಸುಂದರಾ ಓದಿ ಮರುದಿನ ನನಗೆ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಾನು ಓದಿ ಜ್ಞಾನದೇವ ಗುರುಗಳಿಗೆ. ಮರಾಠಿ ಶಾಲೆಯ ಮಾಸ್ತರರಾದ ಗುರುಗಳು ಕನ್ನಡವನ್ನು ತುಟಿ ಅಲುಗಿಸುತ್ತ ಸಾವಕಾಶ ಓದುತ್ತಿದ್ದರಾದ್ದರಿಂದ ಅವರು ಕೊನೆಗೆ. ಎಲ್ಲ ಕಂತುಗಳೂ ಅವರಲ್ಲಿ ಜಮಾ ಆದ ಮೇಲೆ ಅವರೇ ಕೂತು ಮತ್ತೆ ಹೊಲಿದು, ರಟ್ಟು ಹಚ್ಚಿ, ಮೊದಲಿಗಿಂತ ದಪ್ಪಗಾದ ಪುಸ್ತಕವನ್ನು ವಕೀಲರ ಕಪಾಟಿಗೆ ಮುಟ್ಟಿಸುತ್ತಿದ್ದರು. ಹೀಗೆ ಒಂದೇ ಕಾದಂಬರಿ ಏಕಕಾಲಕ್ಕೆ ನಾಲ್ವರ ಕೈಯಲ್ಲಿ, ನಾಲ್ಕು ಬೇರೆ ಬೇರೆ ಠಿಕಾಣಿಯಲ್ಲಿ, ಒಂದೇ ಬಸ್ಸಿನಲ್ಲಿ ಸಾಗುತ್ತಿತ್ತು.

ಈ ಸಂಸ್ಥಾನಕ್ಕೆ ಇದ್ದದ್ದು ಒಂದೇ ಕಾನೂನು: ಮುಂದೆ ಓದಿದವರು ಹಿಂದಿನವರಿಗೆ ಮುಂದಿನ ಕಥೆ ಹೇಳಕೂಡದು. ಸುಂದರಾ ಹೊಸದಾಗಿ ಬಂದಾಗ, ಶೇಂಗಾ ಕಟ್ಟಿಕೊಟ್ಟ ಕಾಗದವನ್ನೂ ಬಿಡದೆ ಓದುವವಳು, "ಸಾಹೇಬ್ರ, ಆಕಿ ಗಂಡ ತಿರಗಿ ಬರತಾನೇನ್ರಿ?" ಎಂದು ಕಾಡಿಸುತ್ತಿದ್ದಳು. ವಕೀಲರು ಕನ್ನಡಕವನ್ನು ಹಣೆಗೇರಿಸಿ, ಎರಡೂ ಕಿವಿ ಹಿಡಿದುಕೊಂಡು, "ಮ್ಯಾಟರ್ ಪೆಂಡಿಂಗ್ ಐತಿ, ತಂಗಿ" ಎನ್ನುತ್ತಿದ್ದರು. ಅಷ್ಟೇ. ಅದರಾಚೆ ಒಂದಕ್ಷರ ಹೊರಡುತ್ತಿರಲಿಲ್ಲ. ಆದರೆ ಆಕೆ ಓದುವಾಗ ಓರೆಗಣ್ಣಿನಿಂದ ಆಕೆಯ ಮುಖವನ್ನು ನೋಡುತ್ತ, ತಾವು ನಿನ್ನೆ ನಕ್ಕ ಜಾಗಕ್ಕೆ ಆಕೆ ಇವತ್ತು ಬಂದಳೆಂದು ಗೊತ್ತಾದ ಕೂಡಲೇ ತಾವೂ ಇನ್ನೊಮ್ಮೆ ನಗುತ್ತಿದ್ದರು. ಎರಡನೆಯ ಸಲದ ಆ ನಗೆಗಾಗಿಯೇ ಅವರು ಮೊದಲು ಓದುತ್ತಿದ್ದರೆಂದು ನನ್ನ ಬಲವಾದ ಗುಮಾನಿ.

ಎರಡು ಸಾವಿರದ ಹದಿಮೂರೋ ಹದಿನಾಲ್ಕೋ ಇರಬೇಕು, ಅವರ ಕಣ್ಣು ಕೈಕೊಡತೊಡಗಿತು. ಸಾಲಿನ ನಟ್ಟ ನಡುವಿನ ಅಕ್ಷರಗಳೇ ಮಸುಕಾಗಿ, ಸುತ್ತಲಿನವು ಮಾತ್ರ ಕಾಣುವ ವಿಚಿತ್ರ ಬೇನೆ. ಮಿರಜದ ಕಣ್ಣಿನ ಡಾಕ್ಟರು, ಕಣ್ಣಿನ ಒಳಪದರು ಸವೆದಿದೆ, ಸಣ್ಣಕ್ಷರದ ಓದು ಇನ್ನು ಸಾಧ್ಯವಿಲ್ಲ, ದೊಡ್ಡದಾಗಿ ಬೆಳಕಿನಲ್ಲಿ ಬಂದರೆ ನೋಡಬಹುದು ಎಂದು ಹೇಳಿ ಕಳಿಸಿದರು. ಆ ವಾರವೆಲ್ಲ ವಕೀಲರು ಕೈಯಲ್ಲಿ ಕಂತು ಹಿಡಿದು, ಮುಖವನ್ನು ಅತ್ತ ಇತ್ತ ಹೊರಳಿಸಿ, ಕೋಳಿ ಕಾಳು ನೋಡಿದ ಹಾಗೆ ಓರೆಯಾಗಿ ಅಕ್ಷರ ಹುಡುಕುವುದನ್ನು ನೋಡಲಾರದೆ ನಾನು ಕಿಟಕಿಯಾಚೆ ಮುಖ ತಿರುವುತ್ತಿದ್ದೆ.

ಪುಣೆಯ ಶಾಲೆಯೊಂದರಲ್ಲಿ ಕಲಿಸುತ್ತಿದ್ದ ಮಗಳು ತಬಸ್ಸುಮ, ತಂದೆಯ ಅವಸ್ಥೆ ಕೇಳಿದವಳೇ, ಪುಸ್ತಕ ಓದುವ ಯಂತ್ರವೊಂದನ್ನು ತಂದುಕೊಟ್ಟಳು. ಅಂಗೈಗಿಂತ ತುಸು ದೊಡ್ಡದು, ತೆಳ್ಳಗೆ, ಗಾಜಿನ ಮುಖಕ್ಕೆ ಬೆರಳು ತಾಗಿಸಿದರೆ ಪುಟ ತಿರುವುವುದು, ಎರಡು ಬೆರಳು ಅಗಲಿಸಿದರೆ ಅಕ್ಷರ ಉಬ್ಬುವುದು. ಮರುದಿನ ಅದನ್ನು ಹಿಡಿದು ಬಸ್ಸು ಹತ್ತಿದಾಗ ಕಂಡಕ್ಟರ ಮಾಯಪ್ಪ ಟಿಕೀಟು ಹರಿಯುವುದನ್ನು ನಿಲ್ಲಿಸಿ, "ಏನ್ರಿ ಸಾಹೇಬ್ರ, ಈ ವಯಸ್ಸಿನಾಗ ಪಾಟಿ ಹಿಡದು ಸಾಲಿಗೆ ಹೊಂಟ್ರಿ?" ಎಂದ. ಅಂದಿನಿಂದ ಬಸ್ಸಿನಲ್ಲಿ ಅದಕ್ಕೆ ಮಕ್ಕಳ ಸ್ಲೇಟಿನ ಹೆಸರೇ, ಪಾಟಿ ಎಂದೇ ಆಯಿತು.

ಕಾಗದದ ಭಕ್ತರು ಇಂಥ ಕಡೆ ಮೂಗು ಮುರಿಯುತ್ತಾರೆ. ವಕೀಲರ ದೊಡ್ಡತನ ನೋಡಿ, ಮುರಿಯಲಿಲ್ಲ. ಜೋಳದ ಕಾಳಿನಷ್ಟಿದ್ದ ಅಕ್ಷರ ಗೋವಿನಜೋಳದ ಕಾಳಿನಷ್ಟಾಗಿ ಎದುರು ನಿಂತಾಗ ಅವರ ಮುಖ ಅರಳಿದ್ದನ್ನು ನಾನು ಕಂಡಿದ್ದೇನೆ. "ಓದಾಕ ಬರತೈತ್ರಿ, ಪ್ರೊಫೆಸರ್. ಎಲ್ಲಾ ಕಾಣತೈತಿ" ಎನ್ನುತ್ತ ಪಾಟಿಯನ್ನು ನನ್ನ ಕಣ್ಣೆದುರು ಹಿಡಿದರು. ಕಾಗದವೆಂದರೆ ಪವಿತ್ರ, ಗಾಜೆಂದರೆ ಮೈಲಿಗೆ ಎಂಬ ಮಡಿವಂತಿಕೆ ಅವರಲ್ಲಿರಲಿಲ್ಲ; ಕಾಗದವನ್ನು ಚೂರಿಯಿಂದ ಬಿಚ್ಚುತ್ತಿದ್ದ ಮನುಷ್ಯನಿಗೆ ಅದು ಎಲ್ಲಿಂದ ಬರಬೇಕು?

ಆಗ ನಮ್ಮ ನಡುವೆ ನಡೆದಿದ್ದದ್ದು ಬಾವಿ ತೋಡುವ ಅಣ್ಣತಮ್ಮಂದಿರ ಕಾದಂಬರಿ. ತಮ್ಮ ಬಾವಿಯೊಳಗೆ ಇಳಿದಿದ್ದಾನೆ, ಅಣ್ಣ ಮೇಲೆ ನಿಂತು ಹಗ್ಗ ಹಿಡಿದಿದ್ದಾನೆ, ಸುಂದರಾ ಅಲ್ಲಿಗೆ ಬಂದಿದ್ದಳು. ಆ ಅಣ್ಣನೆಂದರೆ ಆಕೆಗೆ ಎಲ್ಲಿಲ್ಲದ ಅಭಿಮಾನ. ತಬಸ್ಸುಮ ಅದೇ ಕಾದಂಬರಿಯನ್ನು ಪಾಟಿಯೊಳಗೂ ಹಾಕಿಕೊಟ್ಟಿದ್ದಳು. ವಕೀಲರು ತಾವು ಕಾಗದದಲ್ಲಿ ಓದದಿದ್ದರೂ ಕಂತುಗಳನ್ನು ಮಾತ್ರ ತಪ್ಪದೆ ತಂದು ಸುಂದರಾಗೆ ಕೊಡುತ್ತಿದ್ದರು. ಆದರೆ ಜೇಬಿನ ಕಂತು ಮುಗಿದೊಡನೆ ಓದೂ ನಿಲ್ಲುತ್ತಿದ್ದ ಹಿಂದಿನ ಅಳತೆ ಪಾಟಿಯಲ್ಲಿರಲಿಲ್ಲ; ಪುಟದ ಹಿಂದೆ ಪುಟ ಬರುತ್ತಲೇ ಇತ್ತು, ಹಸಿದ ಕಣ್ಣು ಬಿಡಲಿಲ್ಲ, ಮನೆಯಲ್ಲಿ ಕೂತು ಕೊನೆಯತನಕ ಓದಿಬಿಟ್ಟರು.

ಮರುದಿನ ಬಸ್ಸು ಹತ್ತಿದ ಕೂಡಲೇ ಸುಂದರಾಳ ಪಕ್ಕದಲ್ಲಿ ಕೂತು, ಇನ್ನೂ ಆ ಗುಂಗಿನಲ್ಲೇ ಇದ್ದವರು, "ಹಗ್ಗಾ ಬೇಕಂತ ಬಿಟ್ಟ ನೋಡ, ತಂಗಿ. ಸ್ವಂತ ಅಣ್ಣ ಅಂವ. ನನಗ ಊಟಾ ಸೇರಲಿಲ್ಲ" ಎಂದುಬಿಟ್ಟರು.

ಸುಂದರಾ ತೊಡೆಯ ಮೇಲೆ ಬಿಚ್ಚಿಟ್ಟಿದ್ದ ಕಂತನ್ನು ನೋಡಿದಳು. ಅದರಲ್ಲಿ ಅಣ್ಣ ಇನ್ನೂ ಹಗ್ಗ ಹಿಡಿದೇ ಇದ್ದ. ವಕೀಲರಿಗೆ ತಾವು ಮಾಡಿದ್ದೇನೆಂದು ಹೊಳೆಯಲು ಒಂದು ಕ್ಷಣ ಹಿಡಿಯಿತು. ಹೊಳೆದಾಗ ಮುಖ ಇಷ್ಟೇ ಇಷ್ಟಾಯಿತು. ಆಕೆ ಕಂತನ್ನು ಮಡಚಿ ಅವರ ಕೈಗಿಟ್ಟು, "ಮನ್ಯಾಗ ಅತ್ತಿ, ಮಕ್ಕಳು, ದವಾಖಾನ್ಯಾಗ ಪೇಶಂಟು. ನಂದಂತ ಇದ್ದದ್ದು ಈ ಬಸ್ಸಿನಾಗಿನ ಓದೊಂದ ಆಗಿತ್ರಿ, ಸಾಹೇಬ್ರ. ಇದನ್ನ ನಿಮ್ಮ ಕಡೇನ ಇಟ್ಕೋರಿ" ಎಂದು ಎದ್ದು ಹೋಗಿ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತುಬಿಟ್ಟಳು. ಬಯ್ದಿದ್ದರೆ ವಕೀಲರು ವಾದ ಮಾಡಿ ಗೆಲ್ಲುತ್ತಿದ್ದರೇನೋ; ಈಗ ಆ ಕಂತನ್ನು ತಿರುಗಿ ಜೇಬಿಗಿಳಿಸಿದರು.

ಕೊಂಡಿ ಕಳಚಿತು. ನನ್ನ ಕೈಗೆ ಕಂತು ಬರುವುದು ನಿಂತಿತು, ಗುರುಗಳ ಕೈ ಖಾಲಿಯಾಯಿತು. ಚಿಕ್ಕೋಡಿಯತನಕ ಬರೀ ಎಂಜಿನ್ನಿನ ಸಪ್ಪಳ ಕೇಳುತ್ತ ಕೂಡುವ ದಿನಗಳು ಬಂದವು. ವಕೀಲರ ಕೋಟಿನ ಜೇಬು ಜೋತು ಬಿದ್ದು, ವಾಲಿದ್ದ ಹೆಗಲು ಸರಿಸಮನಾಯಿತು. ಆ ನೆಟ್ಟಗಿನ ನಡಿಗೆ ನೋಡಲು ನನಗೆ ಏನೇನೂ ಚೆಂದ ಕಾಣಲಿಲ್ಲ. ಒಂದು ದಿನ ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದನ್ನು ತೆರೆಯದೆ, ನನ್ನ ಕಡೆ ತಿರುಗಿ ಹೇಳಿದರು: "ಇದರಾಗ ಪುಸ್ತಕ ಬೇಕಾದಷ್ಟ ಅದಾವ್ರಿ, ಪ್ರೊಫೆಸರ್. ನನ್ನ ಹಿಂದ ಓದಾವ್ರ ಯಾರೂ ಇಲ್ಲ."

ಕಣ್ಣಿಗೆ ಪಾಟಿ ಬೇಕು, ಕೂಟಕ್ಕೆ ಕಾಗದ ಬೇಕು. ಒಂದನ್ನು ಹಿಡಿದರೆ ಓದು ಉಳಿಯುತ್ತದೆ, ಜನ ಹೋಗುತ್ತಾರೆ. ಇನ್ನೊಂದನ್ನು ಹಿಡಿದರೆ ಜನ ಉಳಿಯುತ್ತಾರೆ, ಓದು ಹೋಗುತ್ತದೆ. ಈ ಇಕ್ಕಟ್ಟಿನಲ್ಲಿ ನಾನಾಗಿದ್ದರೆ ಪಾಟಿಯನ್ನೇ ಅಪ್ಪಿಕೊಂಡು ಮೂಲೆ ಸೇರುತ್ತಿದ್ದೆ. ಮಲಂಗಸಾಬ ವಕೀಲರು ಮಾಡಿದ್ದೇ ಬೇರೆ. ಮುಂದಿನ ಸೋಮವಾರ ಬಸ್ಸು ಹತ್ತಿದವರು ಸೀದಾ ಡ್ರೈವರನ ಹಿಂದಿನ ಸೀಟಿಗೆ ಹೋಗಿ, ಬಿಚ್ಚದ ಹೊಸ ಪುಸ್ತಕವೊಂದನ್ನೂ, ತಮ್ಮ ಸಣ್ಣ ಚೂರಿ, ಸೂಜಿ, ದಾರದ ಉಂಡೆಯನ್ನೂ ಸುಂದರಾಳ ಮಡಿಲಿಗಿಟ್ಟರು.

"ಇನ್ನ ನೀ ಮೊದಲು, ತಂಗಿ. ನಾ ಕೊನೀಗೆ" ಎಂದರು.

ಬಳಿಕ ಪಾಟಿಯನ್ನೂ ಅದರ ಮೇಲಿಟ್ಟರು. "ಇದೂ ನಿನ್ನ ಚೀಲದಾಗ ಇರಲಿ. ಈ ಹೊಸಾ ಪುಸ್ತಕ ಇದರಾಗೂ ಐತಿ. ಗುರುಗಳು ಎಲ್ಲಿತನಕ ಓದಿರತಾರ, ಅಲ್ಲಿತನಕ ಬಸ್ಸಿನಾಗ ಓದತೇನಿ. ಇಳಿಯೂ ಮುಂದ ತಿರಗಿ ನಿನ್ನ ಕೈಗೆ ಕೊಡತೇನಿ. ನನ್ನ ಕಡೆ ಇದ್ರ ನಾ ತಡಕೊಳ್ಳಾಂವ ಅಲ್ಲ."

ಸುಂದರಾ ಆ ಚೂರಿ, ಸೂಜಿಗಳನ್ನು ಹೊರಳಿಸಿ ಹೊರಳಿಸಿ ನೋಡಿದಳು. ಸಿಟ್ಟು ಇನ್ನೂ ಪೂರ್ತಿ ಇಳಿಯದ ದನಿಯಲ್ಲಿ, "ಮೊದಲ ಆ ಬಾವಿ ಪುಸ್ತಕದ ಉಳದ ಕಂತು ತರ್ರಿ. ಬಿಟ್ಟ ಅನ್ನೂದ ಹೇಳೀರಿ, ಯಾಕ ಬಿಟ್ಟ ಅನ್ನೂದು ನನಗ ಗೊತ್ತಾಗಬೇಕು" ಎಂದಳು. ವಕೀಲರು ಬಾಯಿ ತೆರೆದರು, ತಟ್ಟನೆ ಎರಡೂ ಕಿವಿ ಹಿಡಿದುಕೊಂಡು ಬಾಯಿ ಮುಚ್ಚಿದರು. ಹಿಂದೆ ನಿಂತಿದ್ದ ಮಾಯಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

ಬಾವಿಯ ಪುಸ್ತಕ ಮುಗಿದು ಹೊಸದು ಸುರುವಾಯಿತು. ಸುಂದರಾಳ ಹೊಲಿಗೆ ವಕೀಲರದಕ್ಕಿಂತ ನೀಟಾಗಿತ್ತೆಂಬುದನ್ನು ಇಲ್ಲಿ ಹೇಳಲೇಬೇಕು. ಎಲ್ಲರಿಗಿಂತ ಮುಂದಿದ್ದ ವಕೀಲರು ಈಗ ಎಲ್ಲರಿಗಿಂತ ಹಿಂದೆ. ಪಾಟಿಯಲ್ಲಿ ಓದಿ ಮುಗಿಸಿಬಿಡುವುದು ಬೆರಳ ತುದಿಯ ಕೆಲಸ. ಆದರೂ ಗುರುಗಳು ತುಟಿ ಅಲುಗಿಸುತ್ತ ಒಂದು ಕಂತು ದಾಟುವತನಕ ಅವರು ಕಬ್ಬಿನ ಹೊಲಗಳನ್ನು ನೋಡುತ್ತ ಕಾಯುತ್ತಿದ್ದರು. ನಮ್ಮ ಮೂವರಲ್ಲಿ ಯಾರು ನಕ್ಕರೂ, ನಕ್ಕಿದ್ದು ಯಾತಕ್ಕೆಂದು ತಿಳಿಯದೆ, ಮದುವೆ ಮನೆಯ ಊಟದ ವಾಸನೆ ಹಿಡಿದು ಕೂತ ಮುಂದಿನ ಪಂಕ್ತಿಯವರ ಹಾಗೆ ಚಡಪಡಿಸುತ್ತಿದ್ದರು. ಆ ಚಡಪಡಿಕೆಯನ್ನು ಅವರು ಮನಸಾರೆ ಅನುಭವಿಸಿದರೆಂದೇ ನನ್ನ ನಂಬಿಕೆ.

ಸುಂದರಾ ಕೊನೆಯ ಕಂತು ಓದಿದ ಮುಂಜಾನೆ ನನಗೆ ಚೆನ್ನಾಗಿ ನೆನಪಿದೆ. ಕೊನೆಯ ಪುಟ ಮುಗಿಸಿ, ಕಂತನ್ನು ಎದೆಗೊತ್ತಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡಳು. ವಕೀಲರು ಆ ಮುಖವನ್ನೇ ನೋಡುತ್ತಿದ್ದರು. ಅದರ ನಡುಭಾಗ ಅವರಿಗೆ ಮಸುಕಾಗಿಯೇ ಕಂಡಿರಬೇಕು, ಕಣ್ಣಿಗೆ ಹೋದ ಸೆರಗು ಮಾತ್ರ ಕಂಡಿತು. ತಾವೇ ಮಾಡಿದ ಕಾನೂನು, ಆದರೂ ತಡೆಯಲಾಗಲಿಲ್ಲ.

"ಏನಾತು, ತಂಗಿ?" ಎಂದು ಕೇಳಿಯೇಬಿಟ್ಟರು.

ಸುಂದರಾ ಮೂಗೊರೆಸಿಕೊಂಡು, ಎರಡೂ ಕಿವಿ ಹಿಡಿದು, "ಮ್ಯಾಟರ್ ಪೆಂಡಿಂಗ್ ಐತ್ರಿ, ಸಾಹೇಬ್ರ" ಎಂದಳು.

ಕಾಗದ ಹೆಚ್ಚೋ ಗಾಜು ಹೆಚ್ಚೋ ಎಂದು ವಿದ್ವಾಂಸರು ಸಭೆಗಳಲ್ಲಿ ವಾದಿಸುವುದನ್ನು ಕೇಳಿದಾಗಲೆಲ್ಲ ನನಗೆ ಈ ವಾಲಿದ ಹೆಗಲಿನ ಮನುಷ್ಯ ನೆನಪಾಗುತ್ತಾರೆ. ಓದಿದ್ದನ್ನು ಒಬ್ಬರೇ ಉಂಡು ಅರಗಿಸಿಕೊಳ್ಳುವವರಿಗೆ ಆ ಪ್ರಶ್ನೆ ದೊಡ್ಡದಿರಬಹುದು. ಇನ್ನೊಂದು ಜಾತಿಯ ಓದುಗರಿದ್ದಾರೆ, ಬಹಳ ವಿರಳ. ಅಕ್ಷರ ಯಾವುದರ ಮೇಲೆ ಮೂಡಿದೆ ಎಂಬುದಕ್ಕಿಂತ, ತಮ್ಮ ನಂತರ ಅದು ಯಾರ ಕೈ ಸೇರುತ್ತದೆ ಎಂಬುದೇ ಅವರ ಚಿಂತೆ. ಕೊಡಲು ಆಗದ ದಿನ ಬಂದರೂ ಅಂಥವರು ಬಸ್ಸಿನಿಂದ ಇಳಿದು ಹೋಗುವುದಿಲ್ಲ, ಸಾಲಿನ ಕೊನೆಗೆ ಹೋಗಿ ಕೈಯೊಡ್ಡಿ ಕೂಡುತ್ತಾರೆ.