ಇನ್ನೊಂದು ಕೋಟ್

ಪರದೆಯ ಮೇಲಿರುವುದು ತನ್ನದೇ ಹೃದಯದ ರಕ್ತನಾಳ ಎಂದು ಪೇಂಟರನಿಗೆ ನಂಬಿಕೆಯೇ ಬರಲಿಲ್ಲ. ಮಣಿಕಟ್ಟಿನಿಂದ ಒಳಗೆ ತೂರಿಸಿದ್ದ, ತುದಿಯಲ್ಲಿ ಬೆಳಕಿರುವ ಎಳೆ ಹಿಂದೆ ಸರಿದಂತೆಲ್ಲ ದುಂಡನೆಯ ಚಿತ್ರಗಳು ಒಂದರ ಹಿಂದೊಂದು ಮೂಡುತ್ತಿದ್ದವು. ಅಂಚಿನುದ್ದಕ್ಕೂ ಬಿಳಿ ಚುಕ್ಕಿಗಳು.

"ಆ ಚುಕ್ಕಿಗಳೇ ನಿಮ್ಮ ಸ್ಟೆಂಟಿನ ತಂತಿ," ಎಂದರು ಡಾಕ್ಟರು. "ಈ ಕಡೆ ಮೇಲೆ ತೆಳ್ಳಗೆ ಪೊರೆ ಬಂದಿದೆ. ಆ ಕಡೆ ಇನ್ನೂ ಬೋಳು. ತಂತಿ ಅರ್ಧ ಮುಚ್ಚಿದೆ ಅಷ್ಟೇ. ಸ್ಟೆಂಟಿಗೆ ಸವರಿರೋ ಔಷಧಿ ನಾಳ ಮತ್ತೆ ಕಟ್ಟದ ಹಾಗೆ ತಡೆಯುತ್ತೆ, ಆದ್ರೆ ಗಾಯ ಮಾಯೋದನ್ನೂ ತಡ ಮಾಡುತ್ತೆ."

"ಇನ್ನೊಂದು ಕೋಟ್ ಬೇಕು ಅನ್ನಿ."

ಡಾಕ್ಟರು ನಕ್ಕರು. "ಅದನ್ನ ಮೈಯೇ ಹೊಡ್ಕೊಳ್ಳುತ್ತೆ. ಅಲ್ಲೀವರೆಗೆ ರಕ್ತ ತೆಳು ಮಾಡೋ ಕೆಂಪು ಮಾತ್ರೆ ಒಂದು ದಿನಾನೂ ತಪ್ಪಿಸಬೇಡಿ. ಬೋಳು ತಂತಿ ಮೇಲೆ ರಕ್ತ ಹೆಪ್ಪುಗಟ್ಟಿದ್ರೆ ಜೀವಕ್ಕೇ ಸಂಚಕಾರ."

ಪೇಂಟರನಿಗೆ ಜೀವಕ್ಕಿಂತ ಷಡ್ಡಕನ ಚಿಂತೆ ಹತ್ತಿತು. ಹೆಂಡತಿಯ ಅಕ್ಕನ ಗಂಡ, ಕಾರು ಕಲಿಸುವ ಮೇಷ್ಟ್ರು. ಇಬ್ಬರಿಗೂ ಒಂದೇ ವಾರ, ಒಂದೇ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದ್ದರು. ಹೋದ ತಿಂಗಳು ಷಡ್ಡಕ ತನ್ನ ಪರೀಕ್ಷೆ ಮುಗಿಸಿ, ತಂತಿ ಪೂರ್ತಿ ಮುಚ್ಚಿದೆ, ಕೆಂಪು ಮಾತ್ರೆ ಬಂದ್ ಎಂದು ನೆಂಟರಿಗೆಲ್ಲ ಡಂಗುರ ಸಾರಿದ್ದ. "ನಮ್ಮ ದೊಡ್ಡಳಿಯಂದು ಗಟ್ಟಿ ಮೈ," ಎಂದು ಅತ್ತೆ ಕಂಡಕಂಡವರಿಗೆ ಹೇಳಿದ್ದೇ ಹೇಳಿದ್ದು. ಅವನು ಮತ್ತೆ ಸ್ಟಿಯರಿಂಗ್ ಹಿಡಿದಿದ್ದ. ಕೆಂಪು ಮಾತ್ರೆ ನುಂಗುವವನು ಬಿದ್ದರೆ ರಕ್ತ ನಿಲ್ಲುವುದಿಲ್ಲ ಎಂದು ಪೇಂಟರನ ಏಣಿಗೆ ಮಾತ್ರ ಹೆಂಡತಿ ಸರಪಳಿ ಬಿಗಿದಿದ್ದಳು. ಷಡ್ಡಕನ ಹೆಸರೆತ್ತಿದರೆ ಸಾಕು, ಇವನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ರಿಪೋರ್ಟು ಇನ್ನೂ ಬಂದಿಲ್ಲ ಎಂದು ಹೆಂಡತಿಗೆ ಹೇಳಿ ಭಾನುವಾರದವರೆಗೂ ತಳ್ಳಿದ. ಅವತ್ತು ಅತ್ತೆಯ ಮನೆಯಲ್ಲಿ ಊಟಕ್ಕೆ ಕೂತಾಗ ಷಡ್ಡಕನೇ ಕೆಣಕಿದ.

"ಏನಯ್ಯಾ, ನಿಂದು ಇನ್ನೂ ಫಸ್ಟ್ ಕೋಟೇನಾ?"

ಎಲ್ಲರೂ ನಕ್ಕರು. ಪೇಂಟರನ ನಾಲಿಗೆ ಅವನ ಅಪ್ಪಣೆ ಕೇಳಲಿಲ್ಲ. "ನಿನ್ನೆ ರಿಪೋರ್ಟು ಬಂತು. ಪೂರ್ತಿ ಮುಚ್ಚಿದೆ. ಕನ್ನಡಿ ಥರ ನುಣ್ಣಗೆ. ಮಾತ್ರೆನೂ ಬೇಡ ಅಂದ್ರು."

ಹೆಂಡತಿಯ ಕಣ್ಣು ತುಂಬಿತು. ಕೈಚೀಲದಿಂದ ಮಾತ್ರೆಯ ಹಾಳೆಗಳನ್ನು ತೆಗೆದು, "ಪೀಡೆ ತೊಲಗ್ತು!" ಎನ್ನುತ್ತಾ ಕಸದ ಬುಟ್ಟಿಯತ್ತ ಹೊರಟಳು.

"ಎಸೀಬೇಡಮ್ಮಾ!" ಷಡ್ಡಕ ಎದ್ದೇಬಿಟ್ಟ. "ನನ್ನ ಹತ್ರ ಕಾರು ಕಲಿಯೋರೊಬ್ರು ಇದನ್ನೇ ತಗೋತಾರೆ. ಕೊಡು, ತಲುಪಿಸ್ತೀನಿ."

ಹಾಳೆಗಳು ಅವನ ಜೇಬು ಸೇರಿದವು. ಎಲ್ಲವೂ ಅವನಿಗೇ! ಪೊರೆ ಮುಚ್ಚಿದ ತಂತಿ, ಅತ್ತೆಯ ಹೊಗಳಿಕೆ, ಈಗ ತನ್ನ ಮಾತ್ರೆಯೂ. ಅವತ್ತಿನದನ್ನು ಪೇಂಟರ್ ಇನ್ನೂ ನುಂಗಿರಲಿಲ್ಲ. ಷಡ್ಡಕ ಕೈತೊಳೆಯಲು ಹೋದದ್ದೇ ಇವನೂ ಹಿಂದೆಯೇ ಹೋದ.

ಹಿತ್ತಲ ನಲ್ಲಿಯ ಹತ್ತಿರ ಷಡ್ಡಕ ಬೆನ್ನು ಹಾಕಿ ನಿಂತಿದ್ದ. ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಮಾತ್ರೆಯ ಹಾಳೆ. ತಲೆ ಹಿಂದಕ್ಕೆ ವಾಲಿಸಿ ಗುಟುಕರಿಸಿದ.

"ಕಾರು ಕಲಿಯೋರು ನೀವೇನಾ?"

ಷಡ್ಡಕನಿಗೆ ನೀರು ನೆತ್ತಿಗೇರಿತು. ಕೆಮ್ಮು ನಿಂತ ಮೇಲೆ ಪಿಸುಗುಟ್ಟಿದ: "ಮಾತ್ರೆ ನಿಲ್ಲೋವರೆಗೆ ಕೊಡಲ್ಲ ಅಂತ ನಿಮ್ಮತ್ತಿಗೆ ಕಾರಿನ ಕೀ ಬಚ್ಚಿಟ್ಟಿದ್ಲು ಕಣಯ್ಯಾ. ಸುಳ್ಳು ಹೇಳ್ದೆ ಏನ್ಮಾಡ್ಲಿ? ಕದ್ದುಮುಚ್ಚಿ ತಂದಿದ್ದ ಮಾತ್ರೆ ನಿನ್ನೆ ಮುಗೀತು." ಆಮೇಲೆ ಪೇಂಟರನ ಚಾಚಿದ ಕೈ ನೋಡಿದ. "ಅಯ್ಯೋ ಪುಣ್ಯಾತ್ಮಾ! ನಿಂದೂ ಮುಚ್ಚಿಲ್ವಾ?"

"ಇಲ್ಲ."

ಒಳಗೆ ಕೇಳಿಸದಂತೆ ಬಾಯಿಗೆ ಕೈ ಅಡ್ಡ ಹಿಡಿದು ಇಬ್ಬರೂ ನಕ್ಕರು. ಷಡ್ಡಕ ಒಂದು ಮಾತ್ರೆ ಬಿಡಿಸಿ ಅವನ ಅಂಗೈಗೆ ಹಾಕಿದ, ಲೋಟ ತುಂಬಿಸಿಕೊಟ್ಟ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಪೇಂಟರನಿಗೆ ಅವನ ಮೇಲೆ ಅಕ್ಕರೆ ಹುಟ್ಟಿತು.

"ನಿಂದೆಷ್ಟು ಮುಚ್ಚಿದೆಯಂತೆ?"

"ಅರ್ಧ. ನಿಮ್ಮದು?"

"ಮುಕ್ಕಾಲು," ಎಂದ ಷಡ್ಡಕ, ಮೀಸೆ ಒರೆಸಿಕೊಳ್ಳುತ್ತಾ.

ಪೇಂಟರ್ ಮಾತ್ರೆ ಬಾಯಿಗೆ ಹಾಕಿಕೊಂಡು, ಲೋಟದ ನೀರನ್ನೆಲ್ಲ ಒಂದೇ ಉಸಿರಿಗೆ ಕುಡಿದ. ಹೊಟ್ಟೆಯ ಕಿಚ್ಚು ಮಾತ್ರ ತಣ್ಣಗಾಗಲಿಲ್ಲ.